ವಡೆ, ಪಾಯಸ

ಊಟ ಬಹಳ ಮಿಕ್ಕಿತ್ತು. ವಾರಿಜಾ ಅದನ್ನೆಲ್ಲ ಆಟೋದಲ್ಲಿ ಹಾಕಿಕೊಂಡು, ಕೆಲಸ ನಿಂತುಹೋದ ಕಟ್ಟಡದ ಪಕ್ಕದ ಶೆಡ್ಡುಗಳಿಗೆ ತಂದಳು. ಸಾಲಿನ ಮೊದಲಿಗಿದ್ದ ಮುದುಕಿ ವಡೆ, ಪಾಯಸ ನೋಡಿ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

"ತಿಥಿ ಊಟ ಏನವ್ವಾ? ನಮ್ ಸೊಸೆ ತುಂಬು ಬಸುರಿ, ಉಣ್ಬಾರ್ದು."

"ಬೆಳಿಗ್ಗೆ ಏನು ತಿಂದಿದ್ದಾಳೆ?"

"ನೀರು ಕುಡ್ಕೊಂಡು ಕೂತವ್ಳೆ."

ಹಿಂದೆ ನಿಂತವರೂ ತಟ್ಟೆ ಇಳಿಸತೊಡಗಿದರು. ಬೆಳಗಿನಿಂದ ಕಾಲೂರಿ ನಿಂತೇ ಇದ್ದ ವಾರಿಜಾಗೆ ವಾದಿಸುವ ಶಕ್ತಿ ಇರಲಿಲ್ಲ.

"ಮದುವೆ ಊಟ, ಅಜ್ಜಿ."

"ಮದ್ವೆ ಮನೆಯೋರಿಗೆ ಇಂಥ ಸಪ್ಪೆ ಮೊಖಾನಾ?" ಮುದುಕಿ ನಕ್ಕು ತಟ್ಟೆ ಚಾಚಿದಳು. "ಹೆಣ್ಣಿನ ಹೆಸ್ರು ಹೇಳವ್ವ. ನೂರು ವರ್ಷ ಬಾಳ್ಲಿ ಅಂತ ಹರಸಿ ಉಣ್ತೀವಿ."

ವಾರಿಜಾ ತನ್ನ ಅಮ್ಮನ ಹೆಸರು ಹೇಳಿದಳು.