ಗ್ಯಾನಪ್ಪನ ತೋಳಿನ ಚೇಳು

ನಮ್ಮೂರ ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲೆ ತಟ್ಟೆಯಂಥ ಯಂತ್ರ ಇಟ್ಟರೆ ಲಿವರ್ ತಾನೇ ಮಾತಾಡುತ್ತದೆ. ಸಾಲಿನಲ್ಲಿ ಕೂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅದೇನೂ ಯಾರಿಗೂ ವಿಶೇಷವಲ್ಲ.

ಅವತ್ತು ಬೆಂಚಿನ ಮೇಲೆ ನನ್ನ ಪಕ್ಕ ನೆರೆಮನೆಯ ಗ್ಯಾನಪ್ಪ ಕೂತಿದ್ದ. ಹೊಟ್ಟೆ ಉಬ್ಬಿತ್ತು, ಕಣ್ಣು ಅರಿಶಿನವಾಗಿತ್ತು.

"ಏನೋ ಗ್ಯಾನ್ಯಾ, ಡ್ಯಾಮ್ ತುಂಬ ಶೆರೆ ತುಂಬಿಸಿದ್ರೂ ನಿನ್ನ ಹೊಟ್ಟಿಗೆ ಸಾಲಂಗಿಲ್ಲ ನೋಡು!" ಎಂದು ಕಾಡಿಸಿದೆ. ಬೆಂಚೆಲ್ಲ ನಕ್ಕಿತು.

"ನಾ ಕುಡಿಯಂಗಿಲ್ಲ ದೊಡ್ಡವ್ವಾ," ಎಂದು ಅವನು ತಲೆ ತಗ್ಗಿಸಿದ.

ಸಿಸ್ಟರ್ ಅವನ ಹೊಟ್ಟೆಗೆ ತಟ್ಟೆ ಇಟ್ಟರು.

"ಒಂದು ಹನಿ ಶೆರೆನೂ ಕಂಡಿಲ್ಲ ನಾ," ಎಂದಿತು ಒಳಗಿನ ಒಣ ದನಿ. "ಹೆಪಟೈಟಿಸ್ ಸಿ ನನ್ನ ಕಲ್ಲು ಮಾಡೇತಿ. ಎಳೇ ತೋಳಿಗೆ ಚೇಳಿನ ಹಚ್ಚಿ ಹಾಕಿದ ಸೂಜಿಯಿಂದ ಬಂತು. ಅದಕ್ಕ ಬ್ಯಾರೆಯವರ ರಕ್ತ ಹತ್ತಿತ್ತು."

ಆ ಚೇಳಿನ ಹಚ್ಚೆ ಹಾಕಿದವಳು ನಾನೇ. ಬೆಂಚೆಲ್ಲ ನನ್ನ ಕಡೆ ತಿರುಗಿತು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

"ಚೇಳು ಚಲೋ ಬಂದೈತಿ ಬಿಡಬೇ," ಎಂದ ಗ್ಯಾನಪ್ಪ. ಬೈದಿದ್ದರೇ ಚೆನ್ನಾಗಿತ್ತು.

"ಅಜ್ಜಿ, ಆ ಸೂಜಿಲೆ ಇನ್ನ ಯಾರ್ಯಾರಿಗೆ ಹಾಕೀರಿ?" ಎಂದರು ಸಿಸ್ಟರ್. "ವೈರಸ್ ಓಡ್ಸೋ ಗುಳಿಗಿ ಅದಾವ. ಎಲ್ಲಾರ್ನೂ ಜಲ್ದಿ ಕರಸಬೇಕು."

ಒಂದೇ ಸೂಜಿಯಲ್ಲಿ ಲಕ್ಷ ತೋಳಿಗೆ ಹಚ್ಚೆ ಹಾಕಿದ್ದೇನೆಂದು ಊರೆಲ್ಲ ಕೊಚ್ಚಿಕೊಂಡವಳು ನಾನು. 'ಇವನೊಬ್ಬಗ ಅಷ್ಟ' ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ತೋಳಿನ ಚೇಳು ಕಣ್ಣಿಗೆ ಬಿತ್ತು.

"ಮೊದಲ ನನ್ನ ಮಗಳು ದ್ಯಾಮವ್ವನ್ನ ಕರಸ್ರಿ," ಎಂದೆ. "ಅವತ್ತು ಇವನಕಿಂತ ಮುಂಚೆ ಆ ಸೂಜಿ ಚುಚ್ಚಿದ್ದು ಆಕಿಗೆ."