ಹೊಟ್ಟೆಯ ಮೇಲಿನ ಸ್ಕೇಲು

"ಸ್ಕೇಲು ಇಲ್ಲಿಡು," ಎಂದು ಅಕ್ಕ ತಂಗಿಯ ಕೈಯನ್ನು ತನ್ನ ತುಂಬು ಬಸುರಿನ ಹೊಟ್ಟೆಯ ಪಕ್ಕಕ್ಕೆ ಎಳೆದುಕೊಂಡಳು. ಬೆಳಗಿನಿಂದ ಮಗು ಮಿಸುಕಾಡಿರಲಿಲ್ಲ. ಕೂಡಲೇ ಆಸ್ಪತ್ರೆಗೆ ಬನ್ನಿ ಎಂದು ಡಾಕ್ಟರು ಹೇಳಿದ್ದರಿಂದ ಗಂಡ ಕಾರು ತರಲು ಓಡಿದ್ದ. ಅಲ್ಲಿಯವರೆಗೆ ಸುಮ್ಮನೆ ಮಲಗಿರಲು ಅವಳಿಂದ ಆಗಲಿಲ್ಲ. ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು, ಪರೀಕ್ಷೆಗೆ ಓದುತ್ತಿದ್ದ ತಂಗಿಗೆ ಪಾಠ ಶುರುಮಾಡಿದಳು.

"ಡೆರಿವೇಟಿವ್ ಅರ್ಥಾನೇ ಆಗಲ್ಲ ಅಂತಿದ್ಯಲ್ಲ, ನೋಡು. ಸ್ಕೇಲು ಒಂದೇ ಕಡೆ ತಾಗ್ಬೇಕು. ಆ ಜಾಗದಲ್ಲಿ ಹೊಟ್ಟೆ ಎಷ್ಟು ಏರ್ತಿದೆ ಅಂತ ಸ್ಕೇಲಿನ ಓರೆ ಹೇಳತ್ತೆ. ಅದೇ ಡೆರಿವೇಟಿವ್, ಇನ್ನೇನಿಲ್ಲ."

ತಂಗಿ ಸ್ಕೇಲನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು. ಕಡಿದಾಗಿ ನಿಂತಿದ್ದ ಅದು ಬರಬರುತ್ತಾ ವಾಲಿ, ಹೊಟ್ಟೆಯ ನೆತ್ತಿಯ ಮೇಲೆ ಮಟ್ಟಸವಾಗಿ ಮಲಗಿತು. "ಇಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಸೊನ್ನೆನಾ ಅಕ್ಕ?"

"ಹೂಂ, ಸೊನ್ನೆ," ಎಂದ ಅಕ್ಕ, ಮಗು ಮಿಸುಕುತ್ತದೇನೋ ಎಂದು ಹೊಟ್ಟೆಯ ಪಕ್ಕಕ್ಕೆ ಅಂಗೈ ಒತ್ತಿದಳು. ತಂಗಿ ಸ್ಕೇಲನ್ನು ಅಲ್ಲೇ ಬಿಟ್ಟು ಅವಳ ಕೈ ಹಿಡಿದುಕೊಂಡಳು.

ಆಗ ಸ್ಕೇಲಿನ ಒಂದು ತುದಿ ಸಣ್ಣಗೆ ಎದ್ದಿತು. ಇಬ್ಬರೂ ಉಸಿರು ಬಿಗಿಹಿಡಿದರು. ಅದು ಇನ್ನೊಮ್ಮೆ ಚಂಗನೆ ಎದ್ದು ಹಾಸಿಗೆಗೆ ಜಾರಿ ಬಿತ್ತು.

"ಸೊನ್ನೆ ಅಲ್ವೇ ಅಲ್ಲ ಅಕ್ಕ!" ತಂಗಿ ಕಿರುಚಿದಳು.

ಅಕ್ಕ ಅಳುತ್ತಲೇ ನಕ್ಕು ಹೊಟ್ಟೆ ಸವರಿದಳು. "ಒದಿ ಪುಟ್ಟಾ, ಇನ್ನೊಂದ್ಸಲ ಒದಿ. ನಿನ್ನ ಚಿಕ್ಕಮ್ಮಂಗೆ ಲೆಕ್ಕ ಅಷ್ಟು ಬೇಗ ತಲೆಗೆ ಹತ್ತಲ್ಲ."