ಇನ್ನೂ ಕೂಡದ ಮೂಳೆ

ಆಟದಲ್ಲಿ ಬಿದ್ದು ಬಂದ ಮಗಳ ಮಣಿಕಟ್ಟಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಿದ್ದೇನೆ. ಮೂಳೆಗೂ ಅದರ ತುದಿಗೂ ನಡುವೆ ಒಂದು ಕಪ್ಪು ಗೆರೆ ಕಾಣುತ್ತಿದೆ. ಮುರಿತವಲ್ಲ, ಬೆಳೆಯುವ ಮೂಳೆಯಲ್ಲಿರುವ ಸಂದು.

ಆ ಗೆರೆಯ ವಿಷಯ ನಾನು ಮೊದಲು ಕೇಳಿದ್ದು ಕೊಲ್ಲಿ ದೇಶದ ಸಲಾಲಾದಲ್ಲಿ, ಶಾಲೆ ಬಿಟ್ಟ ಒಂದು ಮಧ್ಯಾಹ್ನ. ಉತ್ಖನನದಲ್ಲಿ ಸಿಕ್ಕ ಪ್ರಾಣಿಗಳ ಮೂಳೆಗಳನ್ನು ಗುರುತಿಸುವುದು ಅಮ್ಮನ ಕೆಲಸ. ಆ ಮೂಳೆಗಳನ್ನಿಡುವ ಗೋದಾಮಿನ ಹೊರಗೆ ಖರೀಫ್ ಎನ್ನುವ ಅಲ್ಲಿನ ಮಳೆಗಾಲದ ತುಂತುರು ಬೀಳುತ್ತಿತ್ತು. ಒಳಗೆ ಅಮ್ಮ ಹಲ್ಲುಜ್ಜುವ ಬ್ರಷ್ಷಿನಿಂದ ಆಡಿನ ಕಾಲಿನ ಮೂಳೆಯೊಂದರ ಮಣ್ಣು ತೆಗೆಯುತ್ತಿದ್ದಳು. ಮುಟ್ಟಿದರೆ ಅದು ಸೀಮೆಸುಣ್ಣದಂತೆ ಬೆರಳಿಗೆ ಅಂಟುತ್ತಿತ್ತು.

“ಇದು ಮರಿ. ತುದಿ ಇನ್ನೂ ಕೂಡಿರ್ಲಿಲ್ಲ, ಹಾಗೆ ಕಳಚಿ ಹೋಗಿದೆ ನೋಡು. ದೊಡ್ಡದಾದ ಮೇಲೆ ಗಟ್ಟಿ ಕೂಡ್ತದೆ.”

“ನಂದು?”

“ನಿಂದು ಸಹ ಇನ್ನೂ ಕೂಡ್ಲಿಲ್ಲ ಮಗಾ,” ಎಂದಳು ತಲೆ ಎತ್ತದೆ.

ಹೆಗಲಿನ ಚೀಲವನ್ನು ಮೆಲ್ಲಗೆ ಕೆಳಗಿಟ್ಟೆ. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಅಲುಗಾಡದೆ ಕುಳಿತೆ.

“ಯಲ್ಲಾ, ಮನೆಗೆ ಹೋಗುವ,” ಎಂದು ಅಮ್ಮ ಕೈ ಚಾಚಿದಳು. ರಸ್ತೆ ದಾಟುವಾಗ ಅವಳು ಯಾವಾಗಲೂ ನನ್ನ ಮಣಿಕಟ್ಟು ಹಿಡಿದು ಎಳೆಯುತ್ತಿದ್ದಳು. ನಾನು ಕೈ ಕೊಡಲಿಲ್ಲ.

“ಎಂತ ಆಯ್ತು?”

“ಎಳೆದ್ರೆ ಕೈ ಕಳಚಿ ಬರ್ತದೆ,” ಎಂದು ಅಳತೊಡಗಿದೆ.

ಅಮ್ಮ ನಗಲಿಲ್ಲ. ಮಂಡಿಯೂರಿ ತನ್ನ ಕೈಯನ್ನು ನನ್ನ ಮುಂದೆ ಹಿಡಿದಳು. “ಎಳಿ. ಜೋರಾಗಿ ಎಳಿ.”

ಬಲವೆಲ್ಲ ಹಾಕಿ ಎಳೆದೆ. ಕಳಚಲಿಲ್ಲ.

“ನೋಡಿದ್ಯಾ? ಹೆದರಿಕೆ ಖಲಾಸ್?”

ಹೂಂ ಎಂದು ತಲೆಯಾಡಿಸಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದು ರಸ್ತೆಗಿಳಿದಳು. ಆದರೆ ಅವಳ ಮೂಳೆ ಕೂಡಿತ್ತು. ನನ್ನದು ಕೂಡಿರಲಿಲ್ಲ.